ಎರಡು ಮೊಟ್ಟೆಗೆ ಒಂದು ಇಡ್ಲಿ

ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದೇ ಒಂದು ಇಡ್ಲಿ ಬೇಯುತ್ತದೆ. ಒಂದು ತಟ್ಟೆಯಲ್ಲ, ಒಂದು ಜೊತೆಯೂ ಅಲ್ಲ. ಏಕಮೇವಾದ್ವಿತೀಯವಾದ ಒಂದು ಇಡ್ಲಿ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎದುರುಬದುರು ಬಾಗಿಲುಗಳು ಹಗಲೆಲ್ಲ ತೆರೆದೇ ಇರುವ ನಮ್ಮಂಥ ಕಟ್ಟಡದಲ್ಲಿ, ಇಂಥ ಸಂಗತಿ ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ. ಎದುರುಮನೆಯ ಮರಾಠಿ ಕಾಕು ಒಂದು ದಿನ ತಡೆಯಲಾರದೆ, ಅದು ನೈವೇದ್ಯಕ್ಕೋ ಎಂದು ಕೇಳಿದರು. ಅಲ್ಲ, ಮೊಟ್ಟೆಗೆ ಎಂದೆ. ದಕ್ಷಿಣದವರು ಯಾವುದನ್ನು ಯಾವುದರ ಜೊತೆ ತಿನ್ನುತ್ತಾರೆಂದು ಹೇಳಲು ಬರುವುದಿಲ್ಲ ಎಂಬ ಅವರ ಹಳೆಯ ಅಭಿಪ್ರಾಯ ಅಂದು ಇನ್ನಷ್ಟು ಗಟ್ಟಿಯಾಗಿರಬೇಕು. ಕಾಕುವಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳಿಬಿಡುತ್ತೇನೆ. ನೀವು ಹೇಗೂ ನಮ್ಮ ಕಟ್ಟಡದವರಲ್ಲ.

ನಾವು ಉಡುಪಿ ಕಡೆಯ ಮೀನು ತಿನ್ನುವ ಜನ. ಮೀನಿನ ಮನೆಯಲ್ಲಿ ಮೊಟ್ಟೆಯ ಸ್ಥಾನಮಾನ ಏನೆಂಬುದನ್ನು ಹೊರಗಿನವರಿಗೆ ತಿಳಿಸುವುದು ಕಷ್ಟ. ಪುರಾಣಗಳು ಈ ಸೃಷ್ಟಿಯೇ ಒಂದು ಅಂಡದಿಂದ ಹೊರಬಂತು ಎನ್ನುತ್ತವೆ. ನಮ್ಮ ಹಿರಿಯರು ಆ ಬ್ರಹ್ಮಾಂಡಕ್ಕೆ ಭಕ್ತಿಯಿಂದ ಕೈಮುಗಿದು, ಕೋಳಿಯ ಅಂಡವನ್ನು ಮಾತ್ರ ಕಪಾಟಿನ ಮೂಲೆಗೆ ತಳ್ಳಿದರು. ಬಂಗುಡೆಯೋ ಬೂತಾಯಿ ಮೀನೋ ಸಿಗದ ದಿನ ಹೆಂಗಸರು, ‘ಇವತ್ತು ಎಂತದೂ ಇಲ್ಲ, ಮೊಟ್ಟೆ’ ಎನ್ನುತ್ತಿದ್ದರು. ಆ ವಾಕ್ಯದಲ್ಲಿ ಮೊಟ್ಟೆ ‘ಎಂತದೂ ಇಲ್ಲ’ ಎಂಬ ವರ್ಗಕ್ಕೆ ಸೇರಿಹೋಗುತ್ತಿತ್ತು. ಇಂಥ ಪರಂಪರೆಯಲ್ಲಿ ಬೆಳೆದ ನಾನು ಐವತ್ತು ದಾಟುವವರೆಗೂ ಮೊಟ್ಟೆಯ ಬಗ್ಗೆ ಯೋಚಿಸಿದವನಲ್ಲ. ಮೀನಿನ ಬಗ್ಗೆ ಬೇಕಾದಷ್ಟು ಯೋಚಿಸಿದ್ದೆ, ಆದರೆ ಅದೂ ತಟ್ಟೆಗೆ ಬಂದ ಮೇಲೆ.

ಈಗ್ಗೆ ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ ನನ್ನ ಹೆಂಡತಿ ವಾರಿಜ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಜಾರಿ ಬಿದ್ದು, ಬಲಗಾಲಿನ ಪಾದದ ಮೇಲಿನ ಎಲುಬು ಮುರಿದುಕೊಂಡಳು. ಮೊಣಕಾಲಿನವರೆಗೆ ಪ್ಲಾಸ್ಟರ್, ಆರು ವಾರ ನೆಲಕ್ಕೆ ಕಾಲೂರಕೂಡದು. ಮಗಳು ಪುಣೆಯ ಹಾಸ್ಟೆಲಿನಲ್ಲಿ, ಪರೀಕ್ಷೆಯ ನಡುವೆ. ಉಳಿದವನು ನಾನು: ಥಾಣೆಯ ಕಚೇರಿಯೊಂದರಲ್ಲಿ ಕಾಗದ ಮಗುಚುವುದು ಬಿಟ್ಟರೆ, ದೋಸೆ ಕೂಡ ಮಗುಚಿ ಅಭ್ಯಾಸವಿಲ್ಲದವನು. ಊಟದ ಚಿಂತೆಯನ್ನು ಚಪಾತಿ ಪಲ್ಯ ಮಾರುವ ನಮ್ಮ ಓಣಿಯ ಪೋಳಿ ಭಾಜಿ ಕೇಂದ್ರ ವಹಿಸಿಕೊಂಡಿತು. ಆದರೆ ಡಾಕ್ಟರು ಚೀಟಿಯ ಕೊನೆಯಲ್ಲಿ ಮಾತ್ರೆಗಳ ಕೆಳಗೆ ಇನ್ನೊಂದು ಸಾಲು ಬರೆದು, ಓದಿಯೂ ಹೇಳಿದ್ದರು: “ರೋಜ್ ದೋನ್ ಉಕಡಲೇಲಿ ಅಂಡಿ.” ದಿನಕ್ಕೆರಡು ಬೇಯಿಸಿದ ಮೊಟ್ಟೆ. ಮೀನಾದರೆ ಆಗದೇ ಎಂದು ವಾರಿಜ ಕ್ಷೀಣ ಸ್ವರದಲ್ಲಿ ಕೇಳಿದಳು. ಆಗಲಿಕ್ಕೆ ಆಗಬಹುದಿತ್ತು, ಆದರೆ ದೋಣಿಗಳು ದಡದಲ್ಲಿ ಮಲಗಿರುವ ತಿಂಗಳು ಅದು, ಸಿಗುವುದೆಲ್ಲ ಐಸಿನಲ್ಲಿ ಧ್ಯಾನಸ್ಥವಾದ ಮೀನು. ಅಲ್ಲದೆ ಮೀನನ್ನು ಕೊಯ್ದು ಶುಚಿ ಮಾಡುವವರು ಯಾರು ಎಂಬ ಪ್ರಶ್ನೆಗೆ ನಾವಿಬ್ಬರೂ ಗೋಡೆ ನೋಡಿದೆವು.

“ಮೊಟ್ಟೆ ಬೇಯಿಸುವುದರಲ್ಲಿ ಕಲಿಯಲಿಕ್ಕೆ ಎಂತ ಉಂಟು?” ಎಂದು ಅಂದು ರಿಕ್ಷಾದಲ್ಲಿ ಘೋಷಿಸಿದವನು ನಾನೇ. ಮನುಷ್ಯನ ಬಾಯಿಂದ ಇಂಥ ಮಾತು ಹೊರಟಾಗ ಅಂತರಿಕ್ಷದಲ್ಲಿ ಯಾರೋ ‘ತಥಾಸ್ತು’ವಿಗೆ ವಿರುದ್ಧವಾದ ಏನನ್ನೋ ಹೇಳುತ್ತಿರಬೇಕು. ವಾರಿಜ ನನ್ನನ್ನು ಒಮ್ಮೆ ನೋಡಿ, ಮುರಿದ ಕಾಲನ್ನು ಒಮ್ಮೆ ನೋಡಿದಳು.

ಮೊದಲ ದಿನ ಫ್ರಿಜ್ಜಿನಿಂದ ತೆಗೆದ ಮೊಟ್ಟೆಗಳನ್ನು ನೇರವಾಗಿ ಕುದಿಯುವ ನೀರಿಗೆ ಬಿಟ್ಟೆ. ಎರಡೂ ಸಿಡಿದು, ಬಿಳಿ ಗಡ್ಡ ಬಿಟ್ಟುಕೊಂಡು ಋಷಿಗಳ ಹಾಗೆ ತೇಲಿದವು. ಎರಡನೆಯ ದಿನ ಎಚ್ಚರದಿಂದ ಬೇಗ ಇಳಿಸಿದೆ; ಕೊಯ್ದಾಗ ಹಳದಿ ಹರಿದು ಅವಳ ನೈಟಿಯ ಮೇಲೆ ಹೋಯಿತು. ಮೂರನೆಯ ದಿನ ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಇಪ್ಪತ್ತೈದು ನಿಮಿಷ ಬೇಯಿಸಿದೆ. ಹಳದಿಯ ಸುತ್ತ ಹಸಿರು ಬಳೆ ಮೂಡಿ, ಅಡಿಗೆಮನೆಯಲ್ಲಿ ದೀಪಾವಳಿಯ ಮರುದಿನದ ವಾಸನೆ ಬಂತು. ಆಮೇಲಿನದು ಸಿಪ್ಪೆಯ ಅಧ್ಯಾಯ. ಮಾರುಕಟ್ಟೆಯಲ್ಲಿ ಬಿಳಿಯದಕ್ಕೆ ಇಂಗ್ಲಿಷ್ ಅಂಡಿ, ಕಂದು ಬಣ್ಣದ ನಾಟಿಯದಕ್ಕೆ ಗಾವಠಿ ಅಂಡಿ ಎಂಬ ಹೆಸರುಗಳಿವೆ. ಆ ದಿನವೇ ಇಟ್ಟ ಗಾವಠಿಯನ್ನೇ ಆರಿಸಿ ತಂದೆ, ಹೆಂಡತಿಗೆ ಶ್ರೇಷ್ಠವಾದದ್ದೇ ಇರಲಿ ಎಂದು. ತೀರ ತಾಜಾ ಮೊಟ್ಟೆಯ ಸಿಪ್ಪೆ ಬಿಡಿಸುವುದು ಹಠಮಾರಿಯ ಹಠ ಬಿಡಿಸುವುದಕ್ಕಿಂತ ಕಷ್ಟವೆಂದು ನನಗೆ ಯಾರೂ ಹೇಳಿರಲಿಲ್ಲ. ಸಿಪ್ಪೆಯ ಜೊತೆ ಅರ್ಧ ಬಿಳಿಯೂ ಕಿತ್ತು ಬಂತು. ತಟ್ಟೆಯಲ್ಲಿಟ್ಟದ್ದನ್ನು ವಾರಿಜ ಅತ್ತಿತ್ತ ಹೊರಳಿಸಿ ನೋಡಿದಳು.

“ಇದೆಂತ ಮಾರಾಯ್ರೆ, ಮೊಟ್ಟೆಯಾ, ಮಳೆಗಾಲದ ರೋಡಾ?”

ನಮ್ಮ ಮನೆಯ ಮಾತು, ಮುನಿಸು, ಪರಿಹಾಸ ಎಲ್ಲ ನಡೆಯುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಖಾರ ಸ್ವಲ್ಪ ಕಡಿಮೆಯಾಗಿದೆ, ಕ್ಷಮಿಸಬೇಕು.

ಮೊದಮೊದಲು ಇದೆಲ್ಲ ತಮಾಷೆಯಾಗಿಯೇ ಇತ್ತು. ಎರಡನೆಯ ವಾರದಲ್ಲಿ ತಮಾಷೆ ನಿಂತಿತು, ಯಾಕೆಂದರೆ ವಾರಿಜ ಬೈಯುವುದನ್ನು ನಿಲ್ಲಿಸಿದಳು. ಮಾತ್ರೆಗಳಿಂದ ಅವಳ ಬಾಯಿರುಚಿ ಕೆಟ್ಟಿತ್ತು. ಕೇಂದ್ರದ ಪೋಳಿ ಅರ್ಧಕ್ಕೆ ಉಳಿಯುತ್ತಿತ್ತು, ನನ್ನ ಮೊಟ್ಟೆಯನ್ನು ಒಂದು ತುದಿ ಕಚ್ಚಿ “ಹಸಿವಿಲ್ಲ” ಎಂದು ಬದಿಗಿಡುತ್ತಿದ್ದಳು. ಹಾಲ್‌ನ ದಿವಾನದ ಮೇಲೆ ಕಾಲು ಚಾಚಿ, ಕಿಟಕಿಯ ಹೊರಗಿನ ಮಳೆ ನೋಡುತ್ತ ಕೂತಿರುತ್ತಿದ್ದಳು. ಮಣಿಕಟ್ಟಿನಲ್ಲಿ ಬಿಗಿಯಾಗಿರುತ್ತಿದ್ದ ಬಳೆಗಳು ಕೈ ಎತ್ತಿದಾಗ ಮೊಣಕೈಯ ಹತ್ತಿರ ಜಾರಿದ್ದನ್ನು ನೋಡಿದ ದಿನ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅದೇ ಹೆದರಿಕೆ ಅವಳ ತಮ್ಮ ಜಯಕರನಿಗೂ ಆಗಿತ್ತು. ಜಯಕರನದ್ದು ಕಳಂಬೋಲಿಯಲ್ಲಿ ಕಬ್ಬಿಣದ ವ್ಯಾಪಾರ. ಅವನ ಮಾತಿಗೂ ಅದರದ್ದೇ ತೂಕ. ಒಂದು ಸೋಮವಾರ ಫೋನು ಮಾಡಿ, “ಭಾವ, ನೀವು ಬೇಜಾರು ಮಾಡ್ಬೇಡಿ. ಭಾನುವಾರ ಬಂದು ಅಕ್ಕನನ್ನು ನಮ್ಮಲ್ಲಿಗೆ ಕರ್ಕೊಂಡು ಹೋಗ್ತೇನೆ. ಪ್ಲಾಸ್ಟರ್ ಬಿಚ್ಚುವವರೆಗೆ ಅಲ್ಲೇ ಇರ್ಲಿ. ಏನಾದ್ರೂ ಹೊಟ್ಟೆಗೆ ಬೀಳ್ಬೇಕಲ್ಲ?” ಎಂದ. ಬೇಜಾರು ಮಾಡಲು ನನಗೆ ಯಾವ ಹಕ್ಕೂ ಇರಲಿಲ್ಲ. ಅವನು ಹೇಳಿದ್ದು ಅಕ್ಷರಶಃ ನಿಜ. ಆದರೂ ಫೋನು ಇಟ್ಟ ಮೇಲೆ, ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನನ್ನ ಹೆಂಡತಿಗೆ ನನ್ನಿಂದ ಬೇಕಾದದ್ದು ಎರಡು ಮೊಟ್ಟೆ ಮಾತ್ರ, ಅದನ್ನೂ ಕೊಡಲಾರದೆ ಅವಳನ್ನು ತವರಿನವರ ಕೈಗೆ ಒಪ್ಪಿಸುತ್ತಿದ್ದೇನಲ್ಲ ಎಂದು ದುಃಖವಾಯಿತು. ವಾರಿಜ ಹೋಗುತ್ತೇನೆ ಎನ್ನಲಿಲ್ಲ, ಇರುತ್ತೇನೆ ಎನ್ನಲಿಲ್ಲ. “ಭಾನುವಾರ ನೋಡುವ” ಎಂದಳು. ಭಾನುವಾರಕ್ಕೆ ಆರು ದಿನ ಇತ್ತು.

ಆ ಆರು ದಿನಗಳಲ್ಲಿ ನಾನು ಮೊಟ್ಟೆಯ ವಿಷಯದಲ್ಲಿ ಪಡೆದ ಉಪದೇಶಗಳನ್ನು ಸಂಗ್ರಹಿಸಿದರೆ ಒಂದು ಅಂಡೋಪನಿಷತ್ತು ಆದೀತು. ಮಗಳು ಪುಣೆಯಿಂದ, ಅವಸರದಲ್ಲಿ ಬರುವ ತನ್ನ ಮರಾಠಿಯಲ್ಲಿ, “ಬಾಬಾ, ಗೂಗಲ್ ಕರಾ ನಾ” ಎಂದಳು, ಮಾಡಿದೆ. ಆರು ನಿಮಿಷದಿಂದ ಹದಿನೈದು ನಿಮಿಷದವರೆಗಿನ ಪ್ರತಿಯೊಂದು ಸಂಖ್ಯೆಗೂ ಅಲ್ಲಿ ಒಬ್ಬೊಬ್ಬ ಆಚಾರ್ಯರಿದ್ದರು. ದಿನಾ ಜೊತೆಯಲ್ಲಿ ನೇತಾಡಿಕೊಂಡು ಹೋಗುವ ಲೋಕಲ್ ರೈಲಿನ ಮಿತ್ರರು ಡೊಂಬಿವಲಿಯಿಂದ ದಿವಾ ಸ್ಟೇಷನ್ನಿನವರೆಗೆ ಉಪ್ಪು ಹಾಕಬೇಕೆಂದೂ, ದಿವಾದಿಂದ ಮುಂದಕ್ಕೆ ಉಪ್ಪು ಹಾಕಲೇಬಾರದೆಂದೂ ವಾದಿಸಿದರು. ಅವರಲ್ಲಿ ಇಬ್ಬರು ಶುದ್ಧ ಸಸ್ಯಾಹಾರಿಗಳು. ಅನುಭವದ ಭಾರವಿಲ್ಲದ್ದರಿಂದ ಅವರ ಸಿದ್ಧಾಂತಗಳೇ ಹೆಚ್ಚು ಎತ್ತರಕ್ಕೆ ಹಾರಿದವು. ಇಷ್ಟು ಜನರನ್ನು ಕೇಳಿದ ನಾನು, ಹತ್ತು ಹೆಜ್ಜೆ ದೂರದಲ್ಲಿ ದಿವಾನದ ಮೇಲೆ ಕೂತಿದ್ದ ಒಬ್ಬಳನ್ನು ಮಾತ್ರ ಕೇಳಲಿಲ್ಲ. ಯಾಕೆ ಎಂದು ನೀವು ಕೇಳಬಹುದು. ರಿಕ್ಷಾದಲ್ಲಿ ಆಡಿದ ಮಾತು ಅಡ್ಡ ನಿಂತಿತ್ತು.

ಕೊನೆಗೆ ದಾರಿ ತೋರಿಸಿದ್ದು ರೈಲೇ. ನಮ್ಮ ಅಡಿಗೆಮನೆಯ ಕಿಟಕಿ ಹಳಿಗಳ ಕಡೆಗಿದೆ. ಗೋಡೆಯಲ್ಲಿ ಗಡಿಯಾರವೊಂದಿದೆ, ಅದು ನೇತಾಡುವುದು ಮೊಳೆಯ ಮರ್ಯಾದೆಗಾಗಿ. ನಾವು ಹಾಲು ಕಾಯಿಸುವುದು, ನೀರು ತುಂಬುವುದು, ಚಪ್ಪಲಿ ಮೆಟ್ಟುವುದು ಎಲ್ಲವೂ ಲೋಕಲ್ ಗಾಡಿಗಳ ಸದ್ದಿನ ಮೇಲೆ. ಹತ್ತಿರದ ಹಳಿಯಲ್ಲಿ ಸ್ಲೋ ಗಾಡಿ, ದೂರದಲ್ಲಿ ಫಾಸ್ಟ್. ಕಣ್ಣು ಮುಚ್ಚಿದರೂ ಯಾವುದು ಯಾವುದೆಂದು ಹೇಳಬಲ್ಲೆ. ಬುಧವಾರ ಬೆಳಿಗ್ಗೆ ಅಕಸ್ಮಾತ್ತಾಗಿ, ಒಂದು ಸ್ಲೋ ಹಾದುಹೋಗುವಾಗ ಮೊಟ್ಟೆ ನೀರಿಗೆ ಬಿಟ್ಟು, ಅದರಿಂದ ಮೂರನೆಯ ಸ್ಲೋ ಹಾದಾಗ ಇಳಿಸಿದೆ. ಹಳದಿ ಗಟ್ಟಿಯೂ ಅಲ್ಲದೆ ಹರಿಯದೆಯೂ ಇದ್ದು, ಹಸಿರು ಬಳೆಯ ಸುಳಿವಿಲ್ಲದೆ ಬಂಗಾರದ ಹಾಗೆ ಕೂತಿತ್ತು. ವಾರಿಜ ಅಂದು ಒಂದು ಮೊಟ್ಟೆ ಪೂರ್ತಿ ತಿಂದಳು. ಗುರುವಾರ, ಶುಕ್ರವಾರ, ಶನಿವಾರವೂ ಅದೇ. ಸಿಪ್ಪೆಯ ತಕರಾರು ಇದ್ದೇ ಇತ್ತು, ಆದರೆ ಕಾಲ ನನ್ನ ಹಿಡಿತಕ್ಕೆ ಬಂದಿತ್ತು. ಮೂರು ಲೋಕಲಿನ ಈ ಸೂತ್ರವನ್ನು ಯಾರಿಗೂ ಹೇಳದೆ, ಶನಿವಾರ ಸಂಜೆ ದೊಡ್ಡ ಸಮಾಧಾನದಿಂದ ಪೇಪರು ತೆರೆದು, ಭಾನುವಾರದ ಮೆಗಾಬ್ಲಾಕಿನ ವಿವರಗಳನ್ನು ವಾರಿಜಳಿಗೆ ಗಟ್ಟಿಯಾಗಿ ಓದಿಯೂ ಹೇಳಿದೆ: ಹನ್ನೊಂದರಿಂದ ಹಳಿ ದುರಸ್ತಿ, ಸ್ಲೋ ಗಾಡಿಗಳೆಲ್ಲ ಫಾಸ್ಟ್ ಹಳಿಯಲ್ಲಿ. ಓದಿದ್ದನ್ನು ಬಾಯಿ ಹೇಳಿತು, ತಲೆ ಕೇಳಿಸಿಕೊಳ್ಳಲಿಲ್ಲ.

ಜಯಕರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಬಂದ. ಕೈಯಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಅಕ್ಕನ ಬಟ್ಟೆ ತುಂಬಲು ಒಂದು ಚೀಲವನ್ನೂ ತಂದಿದ್ದ; ಆ ಖಾಲಿ ಚೀಲವನ್ನು ಮಡಚಿ ಕುರ್ಚಿಯ ಬೆನ್ನಿಗೆ ಹಾಕಿದ. ತಿಂಡಿಗೆ ಅವನನ್ನೂ ಕೂರಿಸಿ, ಅವನ ಕಣ್ಣೆದುರಿಗೇ ಅವನಕ್ಕ ಎರಡು ಮೊಟ್ಟೆ ತಿನ್ನುವುದನ್ನು ತೋರಿಸುವುದು ನನ್ನ ಯೋಜನೆ. ನಾಲ್ಕು ಮೊಟ್ಟೆ ತೆಗೆದಿಟ್ಟಿದ್ದೆ. ನೀರು ಕುದಿಯಿತು, ಸ್ಲೋ ಲೋಕಲ್ ಹಾದುಹೋಯಿತು, ಮೊಟ್ಟೆಗಳು ನೀರಿಗಿಳಿದವು. ನಾನು ಹಾಲಿಗೆ ಬಂದು, ಒಂದು ಕಿವಿಯನ್ನು ಹಳಿಯ ಮೇಲಿಟ್ಟು ಇನ್ನೊಂದನ್ನು ಜಯಕರನಿಗೆ ಕೊಟ್ಟು, ಕಬ್ಬಿಣದ ಧಾರಣೆಯ ಏರಿಳಿತದ ಕುರಿತು ಆಸಕ್ತಿ ನಟಿಸುತ್ತ ಕೂತೆ.

ಎರಡನೆಯ ಲೋಕಲ್ ಬರಲಿಲ್ಲ. ತಡವಾಗಿರಬೇಕೆಂದುಕೊಂಡೆ. ಗಾಡಿ ತಡವಾದರೆ ಕಾಯುವುದು ಈ ಊರಿನವರ ಸ್ಥಾಯೀಭಾವ. ಕಾಯುತ್ತ ಕಾಯುತ್ತ ನಮಗೆ ಕಾಲದ ಪರಿವೆಯೇ ಹೋಗುತ್ತದೆ. ಅರ್ಧ ಕಿವಿಗೆ ದೂರದ ಹಳಿಯಲ್ಲಿ ಗಾಡಿಗಳ ಸದ್ದು ಕೇಳಿಸುತ್ತಿತ್ತು, ಆದರೆ ಅವು ಫಾಸ್ಟ್ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಜಯಕರ ಸರಳುಗಳಿಂದ ತಗಡಿಗೆ, ತಗಡಿನಿಂದ ತುಕ್ಕಿಗೆ ಬಂದಿದ್ದ. ಆಗ ಅಡಿಗೆಮನೆಯಲ್ಲಿ ‘ಠಪ್’ ಎಂದಿತು. ಹಿಂದೆಯೇ ಇನ್ನೊಂದು, ಅದಕ್ಕಿಂತ ಜೋರಾಗಿ. ಓಡಿಹೋಗಿ ನೋಡಿದರೆ ಪಾತ್ರೆಯಲ್ಲಿ ಒಂದು ಹನಿ ನೀರಿಲ್ಲ, ತಳ ಕಪ್ಪಾಗಿದೆ, ಹಿರಣ್ಯಗರ್ಭದ ಚೂರುಗಳು ಟ್ಯೂಬ್‌ಲೈಟಿನ ಮೇಲೆ, ಕ್ಯಾಲೆಂಡರಿನ ಮೇಲೆ, ಮಾಡಿನ ಮೇಲೆ. ನಾನು ಒಲೆ ಆರಿಸುವಾಗ ಮೂರನೆಯದು ಸಿಡಿದು ನನ್ನ ಕನ್ನಡಕದ ಮೇಲೆ ಕೂತಿತು.

ಜಯಕರ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ. “ಎಷ್ಟು ಹೊತ್ತು ಇಟ್ಟಿದ್ರಿ ಭಾವ?” ಎಂದ. ಬೇರೆ ದಾರಿಯಿಲ್ಲದೆ, ಮೂರನೆಯ ಸ್ಲೋ ಲೋಕಲಿಗೆ ಕಾಯುತ್ತಿದ್ದೆ ಎಂದು ಒಪ್ಪಿಕೊಂಡೆ. ಅವನು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿದ: “ಇವತ್ತು ಮೆಗಾಬ್ಲಾಕ್ ಅಲ್ವಾ?”

ದಿವಾನದ ಕಡೆಯಿಂದ ಒಂದು ಸದ್ದು ಬಂತು. ಮೊದಲು ಅವಳು ಅಳುತ್ತಿದ್ದಾಳೆಂದುಕೊಂಡೆ. ವಾರಿಜ ನಗುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಪ್ಲಾಸ್ಟರಿನ ಕಾಲು ದಿವಾನಕ್ಕೆ ಕುಟ್ಟುವ ಹಾಗೆ ನಗುತ್ತಿದ್ದಳು. “ನಿನ್ನೆ ಇವರೇ... ಇವರೇ ಓದಿ ಹೇಳಿದ್ದು...” ಎಂದು ತಮ್ಮನಿಗೆ ಹೇಳಲು ಹೋಗಿ, ಪೂರ್ತಿ ಮಾಡಲಾಗದೆ ಮತ್ತೆ ನಕ್ಕಳು. ಮೂರು ವಾರದಿಂದ ಆ ಮನೆಯಲ್ಲಿ ಆ ನಗು ಇರಲಿಲ್ಲ. ಕನ್ನಡಕದ ಮೇಲೆ ಮೊಟ್ಟೆ ಹೊತ್ತು ನಿಂತಿದ್ದ ನನಗೆ, ಅವಮಾನವಾಗಬೇಕಾದ ಜಾಗದಲ್ಲಿ, ಹೇಳಲಾರದಷ್ಟು ಸಂತೋಷವಾಯಿತು.

ನಗು ಇಳಿದ ಮೇಲೆ ಅವಳು ಕಣ್ಣೊರೆಸಿಕೊಂಡು, ಡಬ್ಬಿಯಲ್ಲಿ ಎಂತ ಎಂದು ಜಯಕರನನ್ನು ಕೇಳಿದಳು.

“ಇಡ್ಲಿ ಹಿಟ್ಟು ಅಕ್ಕ. ಮನೆಯಿಂದ ಕೊಟ್ಟದ್ದು. ನೀನು ಬಂದ ಮೇಲೆ ಭಾವನಿಗೆ ಎರಡು ದಿನಕ್ಕಾದ್ರೂ ಆಗ್ತದಲ್ಲ ಅಂತ.”

ಹೆಂಡತಿಯನ್ನು ಕರೆದೊಯ್ದು ಹಿಟ್ಟು ಬಿಟ್ಟು ಹೋಗುವ ಈ ವಿನಿಮಯದ ನ್ಯಾಯವನ್ನು ನಾನು ಯೋಚಿಸುತ್ತಿರುವಾಗ, ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಆಗ ನಾನು ಇಡೀ ಮಳೆಗಾಲದಲ್ಲಿ ಮಾಡದ ಕೆಲಸ ಮಾಡಿದೆ. ಅವಳ ಮುಂದೆ ನಿಂತು, “ನನಗೆ ಬರುವುದಿಲ್ಲ ವಾರಿಜ. ಹೇಗೆ ಬೇಯಿಸುವುದು, ಹೇಳು” ಎಂದೆ.

“ಇಡ್ಲಿ ಪಾತ್ರೆ ಇಳಿಸಿ,” ಎಂದಳು, ಇಷ್ಟು ದಿನ ಆ ಪ್ರಶ್ನೆಗೇ ಕಾದಿದ್ದವಳ ಹಾಗೆ. “ತಳಕ್ಕೆ ನೀರು ಹಾಕಿ. ಗುಳಿಗೊಂದು ಮೊಟ್ಟೆ ಇಡಿ. ಒಂದು ಗುಳಿಗೆ ಮಾತ್ರ ಹಿಟ್ಟು ಹೊಯ್ಯಿರಿ. ಇಡ್ಲಿ ಬೆಂದ್ರೆ ಮೊಟ್ಟೆಯೂ ಬೆಂತು ಅಂತ ಲೆಕ್ಕ.”

ಇದು ಅವಳ ಅಪ್ಪನ ವಿದ್ಯೆ. ನನ್ನ ಮಾವ ತುರ್ಭೆಯ ಕಾರ್ಖಾನೆಗಳ ನಡುವೆ ಸಣ್ಣ ಕ್ಯಾಂಟೀನು ನಡೆಸಿದವರು. ಬೆಳಗಿನ ಪಾಳಿಗೆ ಹೋಗುವ ಹಮಾಲರಿಗೆ ಇಡ್ಲಿಗಿಂತ ಮೊಟ್ಟೆ ಬೇಕು, ಆದರೆ ಒಲೆಯೊಂದೇ. ಹಾಗಾಗಿ ಇಡ್ಲಿಯ ಹಬೆಯಲ್ಲೇ ಮೊಟ್ಟೆ. ಗುಳಿಯಲ್ಲಿ ಕೂತ ಮೊಟ್ಟೆ ಹೊರಳುವುದಿಲ್ಲ, ಒಂದಕ್ಕೊಂದು ತಾಗಿ ಒಡೆಯುವುದಿಲ್ಲ, ಹಬೆಯಲ್ಲಿ ಬೆಂದದ್ದನ್ನು ತಣ್ಣೀರಿಗೆ ಹಾಕಿದರೆ ಸಿಪ್ಪೆ ಅಂಗಿ ಕಳಚಿದ ಹಾಗೆ ಕಳಚುತ್ತದೆ. ಗಡಿಯಾರ ನೋಡಲು ಅವರಿಗೆ ಪುರುಸೊತ್ತಿಲ್ಲ. ಒದ್ದೆ ಬೆರಳಲ್ಲಿ ಇಡ್ಲಿ ಮುಟ್ಟಿ, ಅಂಟದಿದ್ದರೆ ಮೊಟ್ಟೆಯನ್ನೂ ಇಳಿಸುವುದು. ಚಿಕ್ಕ ಹುಡುಗಿಯಾಗಿದ್ದಾಗ ವಾರಿಜ ಶಾಲೆಗೆ ಹೋಗುವ ಮುಂಚೆ ಅಲ್ಲಿ ನಿಂತು ದಿನಕ್ಕೆ ನೂರು ಮೊಟ್ಟೆಯ ಸಿಪ್ಪೆ ಬಿಡಿಸಿದವಳು. ಇಪ್ಪತ್ತಾರು ವರ್ಷದಲ್ಲಿ ನನಗೆ ಈ ಸಂಗತಿ ತಿಳಿದಿರಲಿಲ್ಲ. ಮಾವನ ಕ್ಯಾಂಟೀನಿತ್ತು ಎಂದು ಗೊತ್ತಿತ್ತು. ಅದರೊಳಗೆ ಒಬ್ಬಳು ಹುಡುಗಿ ನಿಂತಿದ್ದಳೆಂದು ಗೊತ್ತಿರಲಿಲ್ಲ.

ಸಿಡಿಯದ ನಾಲ್ಕನೆಯದನ್ನು ಸುಟ್ಟ ಪಾತ್ರೆಯ ಸಮೇತ ಬದಿಗಿಟ್ಟು, ಫ್ರಿಜ್ಜಿನಲ್ಲಿ ಉಳಿದಿದ್ದ ಒಂದು ಮೊಟ್ಟೆಗೆ ಜೊತೆಯಾಗಿ ಎದುರುಮನೆಯ ಕಾಕುವಿನಿಂದ ಮೂರು ಕಡ ತಂದು, ನಾಲ್ಕು ಮೊಟ್ಟೆ ಒಂದು ಇಡ್ಲಿಯನ್ನು ಹಬೆಗಿಟ್ಟೆ. ಮುಚ್ಚಳ ತೆಗೆದು, ಬೆರಳು ಒದ್ದೆ ಮಾಡಿ ಇಡ್ಲಿ ಮುಟ್ಟಿದೆ. ಅಂಟಲಿಲ್ಲ. ತಣ್ಣೀರಿನಲ್ಲಿ ಆರಿಸಿದ ಮೊದಲ ಮೊಟ್ಟೆಯ ಸಿಪ್ಪೆ ಎರಡೇ ಚೂರಾಗಿ ಕೈಗೆ ಬಂತು. ಒಳಗೆ ಒಂದು ಗೀರಿಲ್ಲದ, ನುಣುಪಾದ ಬಿಳಿ. ನನ್ನ ಜೀವನದಲ್ಲಿ ನಾನು ಪೂರ್ತಿಯಾಗಿ ಸರಿ ಮಾಡಿದ ಮೊದಲ ವಸ್ತು ಅದೇ ಇರಬೇಕು. ವಾರಿಜ ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿಕೊಂಡು ಒಂದು ತಿಂದಳು. ಇನ್ನೊಂದು ತಿಂದಳು. ಜಯಕರನ ತಟ್ಟೆಯಿಂದ ಅರ್ಧ ಎತ್ತಿಕೊಂಡು ಅದನ್ನೂ ತಿಂದಳು. ಜಯಕರ ಎದ್ದು, ಕುರ್ಚಿಯ ಬೆನ್ನಿನ ಖಾಲಿ ಚೀಲವನ್ನು ಇನ್ನೊಂದು ಮಡಿಕೆ ಮಡಚಿ ಜೇಬಿಗೆ ಹಾಕಿದ.

“ಹಿಟ್ಟು ಇಲ್ಲೇ ಬಿಟ್ಟು ಹೋಗು,” ಎಂದಳು ಅಕ್ಕ. “ಇವರಿಗೆ ನಾಳೆಯೂ ಬೇಕಾಗ್ತದೆ. ನಾನು ಎಲ್ಲಿಗೂ ಬರುವುದಿಲ್ಲ ಮಾರಾಯ, ಇಲ್ಲಿ ಕಲಿಸಲಿಕ್ಕೆ ಸುಮಾರು ಉಂಟು.”

ಅವನು ಹೋದ ಮೇಲೆ, ಸ್ಟೂಲು ಹತ್ತಿ ಮಾಡಿನ ಹಳದಿ ಉಜ್ಜುತ್ತ ನಾನು ಕೇಳಿಯೇಬಿಟ್ಟೆ: ಇಷ್ಟೆಲ್ಲ ಗೊತ್ತಿದ್ದವಳು ಮೊದಲ ದಿನವೇ ಯಾಕೆ ಹೇಳಲಿಲ್ಲ?

“ನೀವು ಕೇಳಿದ್ರಾ?” ಎಂದಳು. ಆಮೇಲೆ ಸ್ವಲ್ಪ ಮೆತ್ತಗೆ, “ನನಗೂ ಹೇಳುವ ಮನಸ್ಸಿರಲಿಲ್ಲ. ಯಾರಾದರೂ ಕೇಳಿದ್ರೆ ಮಾತ್ರ ಮನಸ್ಸು ಬರುವುದು.”

ಸ್ಟೂಲಿನ ಮೇಲೆ ನಿಂತವನಿಗೆ ತತ್ತ್ವ ಹೊಳೆಯಬಾರದು, ಬೀಳುವ ಭಯವಿದೆ, ಆದರೂ ಹೊಳೆಯಿತು. ಮೊಟ್ಟೆಯ ಒಳಗೆ ಏನಾಗುತ್ತಿದೆಯೆಂದು ಚಿಪ್ಪು ಹೇಳುವುದಿಲ್ಲ. ಗಡಿಯಾರವಾಗಲಿ ರೈಲಾಗಲಿ ಹೊರಗಿನಿಂದ ಅಂದಾಜು ಮಾಡುತ್ತವೆ ಅಷ್ಟೇ. ಅದರ ಪಕ್ಕದಲ್ಲಿ, ಅದೇ ಹಬೆಯಲ್ಲಿ ಬೇಯುತ್ತಿರುವ ಇನ್ನೊಂದನ್ನು ಮುಟ್ಟಿ ನೋಡಿದರೆ ತಿಳಿಯುತ್ತದೆ. ನಾನು ಇಪ್ಪತ್ತಾರು ವರ್ಷ ಅವಳ ಪಕ್ಕದ ಗುಳಿಯಲ್ಲೇ ಇದ್ದೆ, ಆದರೆ ಅವಳು ಬೆಂದದ್ದು ತಿಳಿಯುವಷ್ಟು ಮೆತ್ತಗಾಗಿರಲಿಲ್ಲ. ಇದನ್ನು ಅವಳಿಗೆ ಹೇಳಲು ಹೋದೆ. ಮೂಲೆಯಲ್ಲಿ ಇನ್ನೂ ಸ್ವಲ್ಪ ಉಳಿದಿದೆ, ಉಜ್ಜಿ ಎಂದಳು.

ಪ್ಲಾಸ್ಟರ್ ಬಿಚ್ಚಿದ್ದಾಯಿತು, ದೋಣಿಗಳು ಕಡಲಿಗಿಳಿದವು, ಬಂಗುಡೆ ತನ್ನ ಸಿಂಹಾಸನಕ್ಕೆ ಮರಳಿತು. ಬೆಳಗಿನ ಎರಡು ಮೊಟ್ಟೆ ಮಾತ್ರ ನಿಲ್ಲಲಿಲ್ಲ. ಕೋಲೂರಿಕೊಂಡು ಮೊದಲ ಸಲ ಅಡಿಗೆಮನೆಗೆ ಬಂದ ದಿನ ವಾರಿಜ ಇಡ್ಲಿ ಪಾತ್ರೆಯನ್ನು ನೋಡಿ, ನನ್ನನ್ನು ನೋಡಿ, ತಿರುಗಿ ಹೋಗಿ ದಿವಾನದ ಮೇಲೆ ಕೂತು ಕಾದಳು. ಅಂದಿನಿಂದ ಆ ಕೆಲಸ ಕಾಯಮ್ಮಾಗಿ ನನ್ನದು. ಮೊಟ್ಟೆಗಳು ಅವಳಿಗೆ, ಸಾಕ್ಷಿಗೆ ಕೂತ ಒಂದು ಇಡ್ಲಿ ನನಗೆ ಸಂಬಳ.

ಮೊನ್ನೆ ಒಂದು ಬೆಳಿಗ್ಗೆ ಹಿಟ್ಟು ಮುಗಿದಿತ್ತು. ಮೊಟ್ಟೆಗಳನ್ನು ಹಬೆಗಿಟ್ಟ ಮೇಲೆ ನೋಡಿಕೊಂಡೆ. ಸಾಕ್ಷಿಯಿಲ್ಲದ ಮೊಕದ್ದಮೆ, ಮುಚ್ಚಳದ ಮುಂದೆ ಕೈಕಟ್ಟಿ ನಿಂತೆ. ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ದಿವಾನದ ಮೇಲಿಂದ, ಪೇಪರಿನಿಂದ ತಲೆಯೆತ್ತದೆ, ಅವಳೇ ಹೇಳಿದಳು:

“ಇಳಿಸಿ ಮಾರಾಯ್ರೆ. ಮೂರನೇ ಲೋಕಲ್ ಹೋಯ್ತಲ್ಲ.”

ಇಳಿಸಿದೆ. ಹದ ಸರಿಯಾಗಿತ್ತು. ಅಂದು ನಮ್ಮ ಮನೆಯಲ್ಲಿ ಒಂದು ಇಡ್ಲಿಯೂ ಬೇಯಲಿಲ್ಲ. ಅವಳು ಎರಡು ಮೊಟ್ಟೆಗಳಲ್ಲಿ ಒಂದನ್ನು ಎತ್ತಿ ನನ್ನ ತಟ್ಟೆಗೆ ಹಾಕಿದಳು.